ಬರಗಾಲದಲ್ಲಿ ಅಧಿಕ ಮಾಸ

ಹಲವು ವರ್ಷಗಳ ಹಿಂದೆ ನಾನೊಂದು ಕತೆ ಬರೆದಿದ್ದೆ. ಮಳೆಗಾಗಿ ಕಾದು ಬಸವಳಿದ ಹಳ್ಳಿ, ಎತ್ತು ಮಾರಲು ಸಂತೆಗೆ ಹೊರಟ ರೈತ, ಆತ ಅರ್ಧ ದಾರಿಯಲ್ಲಿರುವಾಗ ಹನಿಯೊಡೆಯುವ ಮುಗಿಲು. ಹಗ್ಗ ಹಿಡಿದು ಆತ ಊರ ಕಡೆ ಮರಳಿ ತಿರುಗುವಲ್ಲಿಗೆ ಕತೆ ಮುಗಿಯುತ್ತಿತ್ತು. ಅದು ಒಂದು ವಿಶೇಷಾಂಕದಲ್ಲಿ ಅಚ್ಚಾಯಿತು. ಗೆಳೆಯರು ಮೆಚ್ಚಿ ಮಾತಾಡಿದರು. ಕೂಡ್ಲಿಗಿ ಸೀಮೆಯ ನಮ್ಮೂರಿಗೆ ಹೋದಾಗ ಓಣಿಯ ಹಿರಿಯರೊಬ್ಬರಿಗೆ ಅದನ್ನು ಓದಿ ಹೇಳಿದೆ. ಆರು ಎಕರೆ ಮಸಾರಿ ಹೊಲದಲ್ಲಿ ಶೇಂಗಾ ಬಿತ್ತುವ ಮನುಷ್ಯ. ನಮ್ಮ ಓಣಿಯ ಹುಡುಗರೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆವು. ಅವರು ಪೂರ್ತಿ ಕೇಳಿಸಿಕೊಂಡು, ಬೀಡಿ ಆರಿಸಿ, ಒಂದೇ ಪ್ರಶ್ನೆ ಹಾಕಿದರು.

"ಕತಿ ಚಲೋ ಐತಿ ತಮ್ಮಾ. ಕಡೀಗೆ ಮಳಿ ಬಂತಲ್ಲ, ಅದು ಯಾವ ಮಳಿ?"

ನನ್ನ ಬಳಿ ಉತ್ತರವಿರಲಿಲ್ಲ. ಕತೆಯಲ್ಲಿ ಮಳೆ ಎಂದು ಬರೆದಿದ್ದೆನೇ ಹೊರತು ಮಿರುಗವೋ ಆರಿದ್ರವೋ ಉತ್ತರೆಯೋ ಎಂದು ಯೋಚಿಸಿರಲಿಲ್ಲ. ಕಾಕಾ ತಾವೇ ಬಿಡಿಸಿ ಹೇಳಿದರು. "ಶೇಂಗಾ ಹೂ ಬಿಡೋ ಹೊತ್ತಿಗೆ ಬಂದ್ರ ಅದು ಮಳಿ. ಬಳ್ಳಿ ಕಿತ್ತು ಒಣಾಕ ಹಾಕಿದ ಮ್ಯಾಲ ಬಂದ್ರ ಅದು ದಂಡ. ನಿನ್ನ ರೈತ ಎತ್ತು ವಾಪಸ್ ಹೊಡ್ಕೊಂಡು ಬಂದನಲ್ಲ, ಆಮ್ಯಾಲ ಏನ್ ಮಾಡಿದ?"

ನನ್ನ ಕತೆಯ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆ ಇದುವರೆಗೆ ಬಂದಿಲ್ಲ. ಈ ಬರಹ ಆ ಎರಡು ಪ್ರಶ್ನೆಗಳ ಬೆನ್ನು ಹತ್ತಿ ಹುಟ್ಟಿದ್ದು.

*

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದು ತಾಲ್ಲೂಕುಗಳ ಹಣೆಯ ಮೇಲಿನ ಜಿಲ್ಲೆಯ ಹೆಸರು ಬದಲಾಗುತ್ತ ಬಂದಿದೆ. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ಉಳಿದ ನಾಲ್ಕರ ಜೊತೆ ವಿಜಯನಗರ ಜಿಲ್ಲೆಗೆ ಸೇರಿತು. ಬದಲಾಗದೆ ಉಳಿದದ್ದು ಮುಗಿಲು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ, ಅದೂ ಯಾವಾಗ ಬರುತ್ತದೆಂದು ಹೇಳಲಾಗದ ಮಳೆ. ಹಡಗಲಿಯ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ, ಹಗರಿಬೊಮ್ಮನಹಳ್ಳಿಯ ಮಗ್ಗುಲಿಗೆ ಅಣೆಕಟ್ಟೆಯ ಹಿನ್ನೀರು ಬಂದು ನಿಲ್ಲುತ್ತದೆ. ಆದರೆ ಸೀಮೆಯ ಬಹುಪಾಲು ಹೊಲಗಳಿಗೆ ನೀರು ಕಣ್ಣಿಗೆ ಕಾಣುವ ವಸ್ತುವೇ ಹೊರತು ಕಾಲುವೆಯಲ್ಲಿ ಬರುವಂಥದ್ದಲ್ಲ.

ನಮ್ಮ ದಾದಿಗೆ ಅವಳ ದಾದಿ ಧಾತು ಈಶ್ವರ ಬರದ ಕತೆ ಹೇಳುತ್ತಿದ್ದಳಂತೆ. 1876ರಿಂದ 1878ರವರೆಗಿನ ಆ ಬರದಲ್ಲಿ ಮದ್ರಾಸ್ ಪ್ರಾಂತ್ಯದ ಜಿಲ್ಲೆಗಳ ಪೈಕಿ ಬಳ್ಳಾರಿ ಬಹಳ ಕೆಟ್ಟ ಹೊಡೆತ ತಿಂದಿತು. 1871ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೇ ಒಂದು ಭಾಗ ಕುಸಿಯಿತು. ಅಂಥ ಬರ ಮತ್ತೆ ಬರಲಿಲ್ಲ. ಇಂದು ಯಾರೂ ಗಂಜಿ ಕೇಂದ್ರದ ಮುಂದೆ ಸಾಯುವುದಿಲ್ಲ. ಪಡಿತರವಿದೆ, ಉದ್ಯೋಗ ಖಾತ್ರಿಯಿದೆ, ಬೆಂಗಳೂರಿನ ಬಸ್ಸಿದೆ. ಆದರೆ ಬರದ ಬೆದರಿಕೆ ಮಾತ್ರ ಪ್ರತಿ ವರ್ಷ ಮೇ ತಿಂಗಳಿಗೆ ಬಾಗಿಲಲ್ಲಿ ಬಂದು ಕೂರುತ್ತದೆ. 2001ರಿಂದ 2003ರವರೆಗೆ ಸತತ ಮೂರು ವರ್ಷ ಅದು ನಿಜವೇ ಆಯಿತು. 2015, 2016, 2018, 2023ರಲ್ಲಿಯೂ ಆಯಿತು. ನಿಜವಾಗದ ವರ್ಷಗಳ ಲೆಕ್ಕ ಎಲ್ಲೂ ಇಲ್ಲ. ಆ ವರ್ಷಗಳಲ್ಲೂ ಜನ ಅಷ್ಟೇ ಹೆದರಿದ್ದರು, ಅಷ್ಟೇ ರಾತ್ರಿ ಎದ್ದು ಅಂಗಳಕ್ಕೆ ಬಂದು ಮೂಡಣ ನೋಡಿದ್ದರು.

ನಾನು ಹೇಳಬೇಕೆಂದಿರುವುದು ಇಷ್ಟೇ. ನಮ್ಮ ಸಾಹಿತ್ಯ ಬರವನ್ನು ಬಲ್ಲದು, ಬರದ ಬೆದರಿಕೆಯನ್ನು ಬಲ್ಲದು ಎನ್ನುವಂತಿಲ್ಲ. ಬರ ಒಂದು ಘಟನೆ, ಅದಕ್ಕೆ ಆದಿ ಅಂತ್ಯಗಳಿವೆ, ಆದ್ದರಿಂದ ಅದರಿಂದ ಕತೆ ಹುಟ್ಟುತ್ತದೆ. ಬೆದರಿಕೆಗೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ. ಅದು ಮನುಷ್ಯನ ನಿದ್ದೆಯಲ್ಲಿ, ಗಂಡ ಹೆಂಡಿರ ಮಾತಿನಲ್ಲಿ, ಮುಂದೂಡಿದ ಮದುವೆಯಲ್ಲಿ ಬದುಕುತ್ತದೆ.

*

ಕಡಲ ತೀರದವರಿಗೆ ಈ ಮಾತು ಬೇಗ ಅರ್ಥವಾದೀತು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ದಂಡೆಗಳಲ್ಲಿ ಮನೆಗಳೇ ಕುಸಿದವು. ಅದಕ್ಕೆ ಮುಂಚೆ 2019ರಲ್ಲಿ ಕ್ಯಾರ್, 2017ರಲ್ಲಿ ಒಖಿ. ಬಂದ ಚಂಡಮಾರುತಗಳಿಗಿಂತ ಬರುತ್ತದೆಂದು ಹೇಳಿ ದಾರಿ ಬದಲಿಸಿದವು ಹೆಚ್ಚು. ಒಡಿಶಾದಲ್ಲಿ 1999ರ ಅಕ್ಟೋಬರ್ 29ರಂದು ಸುಮಾರು ಹತ್ತು ಸಾವಿರ ಜನ ಸತ್ತರು. 2019ರ ಮೇ 3ರಂದು ಫನಿ ಅಪ್ಪಳಿಸಿದಾಗ ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಮೊದಲೇ ಸ್ಥಳಾಂತರಿಸಿದ್ದರಿಂದ ಅಲ್ಲಿ ಸತ್ತವರ ಸಂಖ್ಯೆ ನೂರರೊಳಗೆ ನಿಂತಿತು. ಮುನ್ಸೂಚನೆ ಜೀವ ಉಳಿಸಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ರತಿ ರೆಡ್ ಅಲರ್ಟಿಗೂ ಗಂಟುಮೂಟೆ ಕಟ್ಟಿ, ಮುದುಕರನ್ನು ಎತ್ತಿಕೊಂಡು ಶಾಲೆಯ ಕೋಣೆಯಲ್ಲಿ ಮಲಗಿ, ಮರುದಿನ ಬಂದು ಮನೆ ನಿಂತಿದೆಯೋ ಇಲ್ಲವೋ ಎಂದು ನೋಡುವವರ ಒಳಗೆ ಏನು ಸವೆಯುತ್ತದೆ ಎಂಬುದು ಯಾವ ವರದಿಯಲ್ಲೂ ಬರುವುದಿಲ್ಲ.

ಒಂದು ವ್ಯತ್ಯಾಸವಿದೆ. ಅವರ ಬೆದರಿಕೆಗೆ ಹೆಸರಿದೆ, ಗಂಟೆ ನಿಮಿಷವಿದೆ, ಗಾಳಿಯ ವೇಗವಿದೆ. ನಮ್ಮದಕ್ಕೆ ಇದಾವುದೂ ಇಲ್ಲ. ವಿಧಿಯ ವ್ಯಂಗ್ಯ ನೋಡಿ: ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂದು ರೇಡಿಯೋ ಹೇಳಿದಾಗ ಮೂಡಣ ತೀರದ ಮೀನುಗಾರರ ಎದೆ ಒಡೆಯುತ್ತದೆ, ನಮ್ಮ ಕೊಟ್ಟೂರು ಹರಪನಹಳ್ಳಿಗಳಲ್ಲಿ ಜನ ಆಸೆಯಿಂದ ಮುಗಿಲಿಗೆ ಮುಖ ಎತ್ತುತ್ತಾರೆ. ಅವರ ಕೇಡಿನ ಸೆರಗಿನಲ್ಲಿ ನಮ್ಮ ಹಿಂಗಾರು ಕಟ್ಟಿಕೊಂಡಿದೆ. ಆ ಆಸೆಗೂ ಒಂದು ಅಳುಕು. 2009ರ ಸೆಪ್ಟೆಂಬರ್ ಕೊನೆಗೆ ಶುರುವಾದ ಮಳೆ ಉತ್ತರ ಕರ್ನಾಟಕದಲ್ಲಿ ನೂರಾರು ಜನರನ್ನು ಬಲಿ ತೆಗೆದುಕೊಂಡಿತು. ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ ಎಂಬ ಗಾದೆಯನ್ನೂ ಆ ವರ್ಷದಿಂದ ನಂಬಿ ಆಡುವುದು ಕಷ್ಟವಾಗಿದೆ.

*

ಇನ್ನು ಸಾಹಿತ್ಯಕ್ಕೆ ಬರುತ್ತೇನೆ. ಬರದ ಬಗ್ಗೆ ನಾವು ಕಟ್ಟಿರುವ ಕತೆಗಳಲ್ಲಿ ಕೊನೆಗೆ ಮಳೆ ಬರುವುದು ಹೆಚ್ಚೂಕಡಿಮೆ ಒಂದು ನಿಯಮದಂತಿದೆ. ಕಾರ್ನಾಡರ 'ಅಗ್ನಿ ಮತ್ತು ಮಳೆ'ಯಲ್ಲಿ ಹತ್ತು ವರ್ಷದ ಬರ, ಏಳು ವರ್ಷದ ಯಜ್ಞ. ಎಲ್ಲ ಮುಗಿದು ಹೋದ ಮೇಲೆ, ಕೊನೆಗೆ, ಮಳೆ. 2001ರ ಹಿಂದಿ ಚಿತ್ರ 'ಲಗಾನ್' ತೊಡಗುವುದು ಬಂದು ಮರೆಯಾದ ಮೋಡದಿಂದ, ಮುಗಿಯುವುದು ಸುರಿಯುವ ಮಳೆಯಿಂದ. ಇವು ಸಣ್ಣ ಕೃತಿಗಳಲ್ಲ. ಕಾರ್ನಾಡರ ಮಳೆಗೆ ಒಂದು ನೈತಿಕ ಬೆಲೆಯಿದೆ, ಅದು ಪುಕ್ಕಟೆ ಬಂದ ಮಳೆಯಲ್ಲ. ಆದರೂ ಮಳೆ ಇಲ್ಲೆಲ್ಲ ಒಂದು ತೀರ್ಪು. ಮನುಷ್ಯನ ಪಾಪ, ಪ್ರಾಯಶ್ಚಿತ್ತ, ತ್ಯಾಗ, ಗೆಲುವು ಯಾವುದೋ ಒಂದಕ್ಕೆ ಮುಗಿಲು ಕೊಟ್ಟ ಉತ್ತರ. ಪ್ರೇಕ್ಷಕ ಹಗುರಾಗಿ ಮನೆಗೆ ಹೋಗುತ್ತಾನೆ. ಕಾಕಾ ಮಾತ್ರ ಹೋಗುವುದಿಲ್ಲ. ಅದು ಯಾವ ಮಳೆ, ಆಮೇಲೆ ಏನಾಯಿತು ಎಂದು ಕೇಳುತ್ತ ಅಲ್ಲೇ ಕೂತಿರುತ್ತಾರೆ.

ಈ ವಿಷಯದಲ್ಲಿ ನನಗೆ ದೊಡ್ಡ ಪಾಠ ಕಲಿಸಿದ್ದು ಆರ್.ಕೆ. ನಾರಾಯಣ್ ಅವರ 'ದಿ ಗೈಡ್'. 1958ರ ಕಾದಂಬರಿ. ಮೈಸೂರು ಸೀಮೆಯ ಒಂದು ಬರದಲ್ಲಿ ಪುರೋಹಿತರು ನೀರಿನಲ್ಲಿ ನಿಂತು ದಿನಗಟ್ಟಲೆ ಮಳೆಗಾಗಿ ಪ್ರಾರ್ಥಿಸಿದ್ದು ಈ ಕಾದಂಬರಿಗೆ ಬೀಜ ಎಂದು ನಾರಾಯಣ್ ಹೇಳಿಕೊಂಡಿದ್ದಾರೆ. ಸನ್ಯಾಸಿಯಲ್ಲದ ರಾಜು ಜನರ ನಂಬಿಕೆಗೆ ಸಿಕ್ಕಿಬಿದ್ದು ಉಪವಾಸ ಕೂರುತ್ತಾನೆ. ಕೊನೆಯ ಪುಟದಲ್ಲಿ ಅವನಿಗೆ ದೂರದ ಬೆಟ್ಟಗಳಲ್ಲಿ ಮಳೆಯಾಗುತ್ತಿದೆ ಎನ್ನಿಸುತ್ತದೆ. ಆಗುತ್ತಿದೆಯೋ ಇಲ್ಲವೋ ಓದುಗನಿಗೆ ತಿಳಿಯುವುದಿಲ್ಲ. 1965ರಲ್ಲಿ ಅದು ಹಿಂದಿ ಸಿನಿಮಾ ಆದಾಗ ಕೊನೆಗೆ ಭೋರ್ಗರೆದು ಮಳೆ ಸುರಿಯಿತು. ಸಿನಿಮಾ ಮನಸ್ಸಿಗೆ ಹಿತ, ಒಪ್ಪುತ್ತೇನೆ. ಆದರೆ ಸತ್ಯ ಕಾದಂಬರಿಯ ಕಡೆಗಿದೆ. ಬೆದರಿಕೆಯ ನೆರಳಿನಲ್ಲಿ ಬದುಕಿದವನಿಗೆ ಮಳೆ ಯಾವತ್ತೂ ಬೆಟ್ಟದ ಆಚೆಗೇ ಬರುತ್ತಿರುತ್ತದೆ. ಪಕ್ಕದೂರಲ್ಲಿ ಬಂತಂತೆ, ಹಳ್ಳದ ಆಚೆ ಬಂತಂತೆ. ಈ 'ಅಂತೆ'ಯ ವೇದನೆಯನ್ನು ನಾರಾಯಣ್ ಬಲ್ಲವರಾಗಿದ್ದರು. ನನ್ನ ಕತೆಯ ರೈತನನ್ನು ನಾನು ಸಿನಿಮಾದ ದಾರಿಯಲ್ಲಿ ಊರಿಗೆ ತಂದೆ. ಕಾದಂಬರಿಯ ದಾರಿಯಲ್ಲಿ ತಂದಿದ್ದರೆ ಕಾಕಾ ಬೇರೆ ಪ್ರಶ್ನೆ ಕೇಳುತ್ತಿದ್ದರೇನೋ.

*

ಎರಡನೆಯ ಬಗೆಯ ಕತೆಗಳಲ್ಲಿ ಬರ ಎಂಬುದು ಕಚೇರಿಯ ಕಡತ. ಅನಂತಮೂರ್ತಿಯವರ 'ಬರ' ಕತೆಯ ಯುವ ಜಿಲ್ಲಾಧಿಕಾರಿ ತನ್ನ ಜಿಲ್ಲೆಯನ್ನು ಬರಪೀಡಿತ ಎಂದು ಘೋಷಿಸಲು ಹೆಣಗುತ್ತಾನೆ, ರಾಜಕೀಯ ಅಡ್ಡ ಬರುತ್ತದೆ. ಎಂ.ಎಸ್. ಸತ್ಯು 1982ರಲ್ಲಿ ಅದನ್ನು ಕನ್ನಡದಲ್ಲಿ ಚಿತ್ರವಾಗಿಸಿದರು, ಅದರ ಹಿಂದಿ ರೂಪ 'ಸೂಖಾ'. 'ಗರಂ ಹವಾ' ಮಾಡಿದ ಕೈಯೇ ಇದನ್ನೂ ಮಾಡಿದ್ದರಿಂದ, ಹಸಿವಿನ ಸಿಟ್ಟು ಹೇಗೆ ಕೋಮುಗಲಭೆಯ ಕಡೆಗೆ ತಿರುಗಿಸಲ್ಪಡುತ್ತದೆ ಎಂಬುದನ್ನು ಅದು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಉರ್ದುವಿನಲ್ಲಿ ಕೃಷನ್ ಚಂದರ್ 1943ರ ಬಂಗಾಳದ ಕ್ಷಾಮದ ಬಗ್ಗೆ ಬರೆದ 'ಅನ್ನದಾತಾ' ನೆನಪಾಗುತ್ತದೆ. ಅದರ ಮೊದಲ ಭಾಗ ಕಲ್ಕತ್ತೆಯಲ್ಲಿರುವ ಒಬ್ಬ ವಿದೇಶಿ ರಾಯಭಾರ ಅಧಿಕಾರಿ ಬರೆಯುವ ಪತ್ರಗಳು. ಬೀದಿಯಲ್ಲಿ ಹೆಣ ಬೀಳುತ್ತಿದ್ದರೂ ಇದು ಕ್ಷಾಮವೋ ಅಲ್ಲವೋ ಎಂಬ ಜಿಜ್ಞಾಸೆ ಆತನದು. ಎರಡು ಭಾಷೆಯ ಇಬ್ಬರು ದೊಡ್ಡ ಲೇಖಕರು, ಸಂಕಟಕ್ಕೆ ಹೆಸರಿಡುವ ಅಧಿಕಾರ ಯಾರದು ಎಂಬ ಒಂದೇ ಪ್ರಶ್ನೆ ಕೇಳಿದ್ದಾರೆ.

ಆ ಪ್ರಶ್ನೆ ಹಳತಾಗಿಲ್ಲ. 2023ನ್ನೇ ನೋಡಿ. ಏಪ್ರಿಲ್‌ನಲ್ಲಿ ಹವಾಮಾನ ಇಲಾಖೆ ದೇಶಕ್ಕೆ ವಾಡಿಕೆಯ ಶೇ. 96ರಷ್ಟು ಮುಂಗಾರು ಎಂದು ಮುನ್ಸೂಚನೆ ಕೊಟ್ಟಿತು. ಬಂದದ್ದು ಶೇ. 94. ಕಾಗದದ ಮೇಲೆ ಎರಡೇ ಅಂಕದ ವ್ಯತ್ಯಾಸ. ಆ ಎರಡು ಅಂಕದ ಹೊಟ್ಟೆಯೊಳಗೆ 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಅಡಗಿತ್ತು, ಶೇ. 36ರಷ್ಟು ಕೊರತೆಯ ಆಗಸ್ಟ್. ಕರ್ನಾಟಕ ಸೆಪ್ಟೆಂಬರ್‌ನಲ್ಲಿ 195 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ಸಂಖ್ಯೆ ಬೆಳೆಯುತ್ತ ಹೋಗಿ 236 ತಾಲ್ಲೂಕುಗಳ ಪೈಕಿ 223ಕ್ಕೆ ನಿಂತಿತು. ರಾಜ್ಯ ಮೊದಲ ಕಂತಾಗಿ ರೈತರಿಗೆ 2,000 ರೂಪಾಯಿವರೆಗೆ ಕೊಟ್ಟಿತು. ಕೇಂದ್ರದಿಂದ 3,454 ಕೋಟಿ ರೂಪಾಯಿ ಮಂಜೂರಾದದ್ದು 2024ರ ಏಪ್ರಿಲ್‌ನಲ್ಲಿ, ರಾಜ್ಯ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ ಮೇಲೆ. ಅಂದರೆ ಜನ ಮೊದಲು ಮಳೆಗೆ ಕಾದರು, ಆಮೇಲೆ ಘೋಷಣೆಗೆ ಕಾದರು, ಆಮೇಲೆ ಹಣಕ್ಕೆ ಕಾದರು, ಅಷ್ಟರಲ್ಲಿ ಮುಂದಿನ ಮುಂಗಾರಿಗೆ ಕಾಯುವ ಹೊತ್ತು ಬಂದಿತ್ತು.

2023ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಜುಲೈ 18ರಿಂದ ಆಗಸ್ಟ್ 16ರವರೆಗೆ ಅಧಿಕ ಶ್ರಾವಣ ಬಂದಿತ್ತು. ಬರಗಾಲದಲ್ಲಿ ಅಧಿಕ ಮಾಸ ಎಂಬ ಗಾದೆಯನ್ನು ನಾವು ಬೇರೆ ಬೇರೆ ಕಷ್ಟಗಳಿಗೆ ಬಳಸುತ್ತೇವೆ. ಆ ವರ್ಷ ಅದು ಗಾದೆಯಾಗಿ ಉಳಿಯದೆ ಪಂಚಾಂಗವೇ ಆಯಿತು. ನಮ್ಮ ಹಿಜರಿ ಪಂಚಾಂಗದಲ್ಲಿ ಅಧಿಕ ಮಾಸವೇ ಇಲ್ಲ. ಆದರೂ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಆ ಗಾದೆ ಆಡುತ್ತಿದ್ದವಳು ನಮ್ಮಮ್ಮ. ಉರ್ದು ಶಾಲೆಯಲ್ಲಿ ನಾಲ್ಕನೇ ಇಯತ್ತೆಯಲ್ಲಿದ್ದ ನಾನು ಅಧಿಕ ಮಾಸ ಅಂದರೇನು ಎಂದು ಕೇಳಿದಾಗ ಅವಳು ದಖನಿಯಲ್ಲಿ ಹೇಳಿದ್ದು ನೆನಪಿದೆ: "ಖಾನೇಕು ನೈ ಸೋ ಮೈನಾ ಔರ್ ಏಕ್ ಬಾರ್ ಆತಾ ಬೇಟಾ." ಉಣ್ಣಲು ಇಲ್ಲದ ತಿಂಗಳು ಇನ್ನೊಂದು ಸಲ ಬರುತ್ತದೆ ಮಗಾ.

ಅಮ್ಮನ ಮಾತಿನಲ್ಲಿ ನಮ್ಮ ಬರದ ಸಾಹಿತ್ಯದ ಒಂದು ಕೊರತೆ ಕಾಣುತ್ತದೆ. ನಮ್ಮ ಕತೆ ಸಿನಿಮಾಗಳಲ್ಲಿ ಬರ ಎಂದ ಕೂಡಲೇ ಹಣೆಗೆ ಕೈ ಅಡ್ಡ ಹಿಡಿದು ಮುಗಿಲು ನೋಡುವ ಗಂಡಸಿನ ಚಿತ್ರ ಬರುತ್ತದೆ. ನಾನು ಬರೆದದ್ದೂ ಅದನ್ನೇ. ಹೆಂಗಸರು ಮುಗಿಲು ನೋಡುವುದು ಕಡಿಮೆ, ಅವರು ವಾಡೆಯ ತಳ ನೋಡುತ್ತಾರೆ. ಆಮೇಲೆ ಗಂಡನ ಮುಖ ನೋಡುತ್ತಾರೆ. ಬೆದರಿಕೆಯ ವರ್ಷದಲ್ಲಿ ಆ ಮುಖ ನೋಡಿಕೊಂಡೇ ಮಾತಾಡಬೇಕು, ಯಾವ ಮಾತು ಆಡಬಾರದು ಎಂದು ಲೆಕ್ಕ ಹಾಕಬೇಕು, ಕ್ರಿಮಿನಾಶಕದ ಡಬ್ಬಿ ಎಲ್ಲಿಟ್ಟಿದೆ ಎಂದು ತಿಳಿದಿರಬೇಕು. ಈ ಕಾವಲಿನ ಕತೆಯನ್ನು ನಾವು ಗಂಡಸರು ಬರೆದಿಲ್ಲ.

*

ಇದೇ ಸೀಮೆಯ ಲೇಖಕರು ಏನು ಮಾಡಿದ್ದಾರೆ? ಕೊಟ್ಟೂರಿನಲ್ಲಿ ಹುಟ್ಟಿದ ಕುಂ. ವೀರಭದ್ರಪ್ಪನವರು ನಮ್ಮ ಕಾಲದ ದೊಡ್ಡ ಕತೆಗಾರರು, 'ಅರಮನೆ' ಕಾದಂಬರಿಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು. ಅವರ ಬರವಣಿಗೆಯಲ್ಲಿ ಬರ ವಸ್ತುವಾಗಿ ಬರುವುದಕ್ಕಿಂತ ಹೆಚ್ಚಾಗಿ ಮಾತಿನ ಧಾಟಿಯಾಗಿ ಬರುತ್ತದೆ ಎಂದು ನನಗೆ ತೋರುತ್ತದೆ. ಉಸಿರು ತೆಗೆದುಕೊಳ್ಳಲು ಬಿಡದ ಆ ಉದ್ದನೆಯ ವಾಕ್ಯಗಳು, ಬೈಗುಳ, ಉತ್ಪ್ರೇಕ್ಷೆ, ಒರಟು ನಗು. ನಿಲ್ಲಿಸಿದರೆ ಮೌನ ಬಂದು ಕೂರುತ್ತದೆ, ಮೌನದಲ್ಲಿ ಭಯ ಬಂದು ಕೂರುತ್ತದೆ ಎಂಬಂತೆ ಮಾತು ನಿಲ್ಲುವುದಿಲ್ಲ. ನಮ್ಮ ಕಟ್ಟೆಗಳ ಮೇಲೆ ಜೂನ್ ತಿಂಗಳಲ್ಲಿ ಜನ ಮಾತಾಡುವುದೂ ಹೀಗೆಯೇ. 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದ ಬೀಚಿಯವರ ಹಾಸ್ಯವನ್ನೂ ನಾನು ಈ ಒಣ ನೆಲದ ಜೊತೆ ಇಟ್ಟು ಓದುತ್ತೇನೆ. ತನ್ನನ್ನೇ ಮೊದಲು ಗೇಲಿ ಮಾಡಿಕೊಂಡವನನ್ನು ವಿಧಿ ಗೇಲಿ ಮಾಡಲಾರದು. ಆದರೆ ನಗು ಒಂದು ಗುರಾಣಿ ಅಷ್ಟೆ. ಗುರಾಣಿಯ ಹಿಂದೆ ಇರುವ ಕೈಯ ನಡುಕವನ್ನು ಹೇಳುವ ಗದ್ಯ ಇನ್ನೂ ಬರಬೇಕಿದೆ.

ಲೇಖಕರಿಗೆ ಸಿಗದ ರೂಪ ಜನರಿಗೆ ಸಿಕ್ಕಿದೆ ಎಂಬುದು ನನ್ನ ವಾದದ ಮುಖ್ಯ ಭಾಗ. ನಕ್ಷತ್ರಗಳ ಮಳೆ ಲೆಕ್ಕವನ್ನೇ ನೋಡಿ. ರೋಹಿಣಿ, ಮಿರುಗ, ಆರಿದ್ರ, ಪುನರ್ವಸು, ಹೀಗೆ ಹದಿಮೂರು ಹದಿನಾಲ್ಕು ದಿನಕ್ಕೊಂದು ಮಳೆ. ಮಿರುಗ ಕೈಕೊಟ್ಟರೆ ಆರಿದ್ರವಿದೆ, ಆರಿದ್ರ ಹೋದರೆ ಪುನರ್ವಸುವಿದೆ. ತಾಳಲಾಗದ ಕಾಯುವಿಕೆಯನ್ನು ತಾಳಬಹುದಾದ ಕಂತುಗಳಾಗಿ ಒಡೆದವನು ಯಾವ ಮಹಾನುಭಾವನೋ. ಬ್ಯಾಂಕಿನ ಕಂತಿಗಿಂತ ಇದು ದಯೆಯುಳ್ಳದ್ದು.

ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕವೂ ಅಂಥದ್ದೇ. ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ, ಡೆಂಕನಮರಡಿಯಲ್ಲಿ, ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ 'ಸದ್ದಲೇ' ಎನ್ನುತ್ತಾನೆ. ಲಕ್ಷಾಂತರ ಜನ ಒಮ್ಮೆಲೇ ಮೌನವಾಗುತ್ತಾರೆ. ಆತ ಒಂದೇ ಒಂದು ಸಾಲು ನುಡಿದು ಕೆಳಗೆ ಬೀಳುತ್ತಾನೆ. ಆ ಸಾಲಿನ ಅರ್ಥವನ್ನು ಜನ ಬಂಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ, ಬಸ್ಸಿನಲ್ಲಿ ಮನೆ ತಲುಪುವವರೆಗೆ ಬಿಡಿಸುತ್ತ ಹೋಗುತ್ತಾರೆ. ಮಳೆ ಚಲೋ ಐತಿ ಎನ್ನುವವನಿಗೂ ಅದರಲ್ಲಿ ಆಧಾರವಿದೆ, ಈ ಸಲ ಕಷ್ಟ ಎನ್ನುವವನಿಗೂ ಆಧಾರವಿದೆ. ವಿಚಾರವಾದಿ ಗೆಳೆಯರು ಇದನ್ನು ಮೌಢ್ಯ ಎನ್ನುತ್ತಾರೆ. ಭವಿಷ್ಯ ಹೇಳುವ ವಿದ್ಯೆಯೆಂದು ತೆಗೆದುಕೊಂಡರೆ ನಾನೂ ಅವರ ಜೊತೆಗೇ ನಿಲ್ಲುತ್ತೇನೆ. ಆದರೆ ಒಬ್ಬ ಓದುಗನಾಗಿ ನೋಡಿದರೆ, ಒಂಟಿಯಾಗಿ ಅಂಗಳದಲ್ಲಿ ನಿಂತು ಪಟ್ಟ ಭಯವನ್ನು ಲಕ್ಷ ಜನ ಒಟ್ಟಿಗೆ ಉಸಿರು ಹಿಡಿದು ಪಡುವಂತೆ ಮಾಡುವ ಪಠ್ಯ ಇದು. ಟಿ.ವಿ.ಯವರು ಅದೇ ಸಾಲಿನಲ್ಲಿ ಮುಂದಿನ ಮುಖ್ಯಮಂತ್ರಿಯನ್ನು ಹುಡುಕತೊಡಗಿದ ಮೇಲೆ ಮಳೆಯ ಕಿವಿಗಳು ಕಡಿಮೆಯಾಗಿವೆ ಎಂಬುದು ಬೇರೆ ಮಾತು.

ನಮ್ಮ ಈದ್ಗಾದಲ್ಲಿ ಮಳೆಗಾಗಿ ಮಾಡುವ ಇಸ್ತಿಸ್ಕಾ ನಮಾಜಿಗೆ ಅಬ್ಬಾ ನನ್ನ ಕೈ ಹಿಡಿದು ಕರೆದುಕೊಂಡು ಹೋಗಿದ್ದರು. ಮಕ್ಕಳು, ಮುದುಕರು, ದನಕರುಗಳೂ ಬರಬೇಕೆಂಬ ವಾಡಿಕೆ. ಹೊದ್ದ ಶಾಲನ್ನು ಒಳಹೊರಗು ಮಾಡಿ ಹೊದೆಯುತ್ತಾರೆ, ದುವಾ ಬೇಡುವಾಗ ಅಂಗೈಯನ್ನಲ್ಲ, ಮುಂಗೈಯನ್ನು ಮುಗಿಲಿಗೆ ತೋರಿಸುತ್ತಾರೆ. ಸ್ಥಿತಿ ತಿರುವುಮುರುವಾಗಲಿ ಎಂಬ ಬೇಡಿಕೆಯನ್ನು ಮೈಯಿಂದಲೇ ಬರೆದ ಹಾಗೆ. ಅದೇ ವಾರ ಓಣಿಯಲ್ಲಿ ಗುರ್ಜಿ ಹೊತ್ತ ಹುಡುಗರು ಮನೆಮನೆಗೆ ಬರುತ್ತಿದ್ದರು, ಅಮ್ಮ ಕೊಡದ ತಳದಲ್ಲಿದ್ದ ನೀರನ್ನೇ ಅವರ ತಲೆಯ ಮೇಲೆ ಸುರಿಯುತ್ತಿದ್ದಳು. ಮನೆಯಲ್ಲಿ ಕುಡಿಯಲು ನೀರಿಲ್ಲದ ದಿನ ಅದು. ಆ ಒಂದು ಚೆಂಬು ನೀರಿನಲ್ಲಿದ್ದ ಧೈರ್ಯವನ್ನು ನಾನು ಯಾವ ಕತೆಯಲ್ಲೂ ಹಿಡಿಯಲಾಗಿಲ್ಲ.

ಮೊಹರಂ ಇದೆಲ್ಲದಕ್ಕಿಂತ ಆಳವಾದದ್ದು. ರಹಮತ್ ತರೀಕೆರೆಯವರು 'ಕರ್ನಾಟಕದ ಮೊಹರಂ' ಕೃತಿಯಲ್ಲಿ ಹಿಂದೂ ಮುಸ್ಲಿಮರು ಕೂಡಿ ಕಟ್ಟಿದ ಈ ಆಚರಣೆಯ ವಿಸ್ತಾರವನ್ನು ಕಾಣಿಸಿದ್ದಾರೆ. ನಮ್ಮ ಕಡೆ ಅಲಾಯಿ ಕುಣಿಯ ಸುತ್ತ ರಿವಾಯತ್ ಹಾಡುವವರಲ್ಲಿ ಬಹುಪಾಲು ಮುಸ್ಲಿಮೇತರರು. ಅವರು ಹಾಡುವುದು ಕರ್ಬಲಾದ ಬಾಯಾರಿಕೆಯನ್ನು. ಫರಾತ್ ನದಿ ಕಣ್ಣೆದುರಿಗೇ ಹರಿಯುತ್ತಿದೆ, ಆದರೆ ಇಮಾಮ್ ಹುಸೇನರ ಮಕ್ಕಳಿಗೆ ಒಂದು ಹನಿ ಇಲ್ಲ. ತುಂಗಭದ್ರೆಯ ಹಿನ್ನೀರು ಕಾಣುವ ಹೊಲದಲ್ಲಿ ಬೆಳೆ ಒಣಗಿಸಿಕೊಂಡವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. 2023ರಲ್ಲಿ ಕತ್ತಲರಾತ್ರಿ ಅಧಿಕ ಶ್ರಾವಣದ ನಡುವೆಯೇ, ಜುಲೈ ಕೊನೆಗೆ ಬಂತು. ಆಗ ಒಂದಿಷ್ಟು ಮಳೆ ಬಿದ್ದಿತ್ತು, ಜನ ಆಸೆಯಿಂದ ಬಿತ್ತಿದ್ದರು. ಆಗಸ್ಟ್ ಏನು ಮಾಡಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಆ ರಾತ್ರಿ ಹಾಡಿನ ನಡುವೆ ಕಾಕಾ ಅಳುವುದನ್ನು ನೋಡಿದೆ. ಹುಸೇನರಿಗಾಗಿ ಅತ್ತರೋ ಹೊಲಕ್ಕಾಗಿ ಅತ್ತರೋ ಕೇಳಲಿಲ್ಲ. ಕೇಳಬೇಕಾಗಿಯೂ ಇಲ್ಲ. ಗಂಡಸು ಕೂಡ ಎಲ್ಲರ ಎದುರು ಅಳಬಹುದಾದ ಒಂದು ರಾತ್ರಿಯನ್ನು ಆ ಹಾಡು ಅವರಿಗೆ ಒದಗಿಸಿತ್ತು.

*

ಆದರೆ ಈ ರೂಪಗಳೂ ಸವೆಯುತ್ತಿವೆ. ಗುರ್ಜಿ ಹೊರಲು ಹುಡುಗರಿಲ್ಲ. ಹರಪನಹಳ್ಳಿ, ಕೂಡ್ಲಿಗಿ, ಹಡಗಲಿಯ ತಾಂಡಾಗಳಿಂದ ಗುಳೆ ಹೋದವರು ಮಲೆನಾಡಿನ ಕಾಫಿ ತೋಟದಲ್ಲಿ, ಮಂಡ್ಯದ ಕಬ್ಬಿನ ಗದ್ದೆಯಲ್ಲಿ, ಬೆಂಗಳೂರಿನ ಕಟ್ಟಡಗಳ ಕೆಳಗೆ ಇರುತ್ತಾರೆ. ಅವರಿಗೆ ಬೆದರಿಕೆ ಈಗ ಮೊಬೈಲಿನಲ್ಲಿ ತಲುಪುತ್ತದೆ, ಒಬ್ಬೊಬ್ಬರಿಗೆ ಒಂದೊಂದಾಗಿ. ಒಟ್ಟಿಗೆ ಹೆದರುವ ಜಾಗ ಹೋಗಿ ಒಂಟಿಯಾಗಿ ಹೆದರುವ ಕಾಲ ಬಂದಿದೆ.

ಇಲ್ಲಿ ಈ ಸೀಮೆಯ ಒಂದು ಹೆಮ್ಮೆಯ ಸಂಗತಿಯನ್ನು ನೆನೆಯಬೇಕು. ಇಂದು ದೇಶದಾದ್ಯಂತ ಇರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಮೊದಲು ಪ್ರಯೋಗವಾದದ್ದು ಬಳ್ಳಾರಿ ಜಿಲ್ಲೆಯಲ್ಲಿ, 1985ರಿಂದ, ಬೆಂಗಳೂರಿನ ನಿಮ್ಹಾನ್ಸ್ ನೇತೃತ್ವದಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗ ಗುರುತಿಸುವ ತರಬೇತಿ ಕೊಟ್ಟು, ಔಷಧಿಯನ್ನು ಹಳ್ಳಿಯ ಹತ್ತಿರಕ್ಕೆ ತಂದ ಆ ಪ್ರಯೋಗ 'ಬಳ್ಳಾರಿ ಮಾದರಿ' ಎಂದೇ ಹೆಸರಾಯಿತು. 1996ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವಾಯಿತು. ಆಗ ಈ ಎಲ್ಲ ಊರುಗಳೂ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ದೇಶಕ್ಕೆ ದಾರಿ ತೋರಿಸಿದ ನೆಲ ಇದು. ಆದರೆ ಆಸ್ಪತ್ರೆಗೆ ಹೋಗಲು ಮೊದಲು ತನಗೆ ಏನೋ ಆಗಿದೆ ಎಂದು ಹೇಳಿಕೊಳ್ಳಬೇಕು. ಮಳೆಗೆ ಹೆದರುವುದನ್ನು ಯಾರು ರೋಗ ಎಂದಾರು? "ನಿದ್ದಿ ಬರ್ತಿಲ್ಲ" ಎಂದರೆ "ಯಾರಿಗ್ ಬರ್ತೈತಪಾ" ಎಂಬ ಉತ್ತರ ಬರುತ್ತದೆ. ಎಲ್ಲರಿಗೂ ಇರುವ ನೋವು ಯಾರದೂ ಅಲ್ಲದ ನೋವಾಗಿಬಿಡುತ್ತದೆ. ಅದು ರೋಗವಾಗುವ ಮೊದಲೇ ಅದಕ್ಕೆ ಮಾತು ಕೊಡುವ ಕೆಲಸ ವೈದ್ಯರದಲ್ಲ, ನಮ್ಮದು, ಬರೆಯುವವರದು. ಅದನ್ನು ನಾವು ಸರಿಯಾಗಿ ಮಾಡಿಲ್ಲ. ಕೊನೆಗೊಂದು ಮಳೆ ಸುರಿಸಿ ಎದ್ದು ಹೋಗಿದ್ದೇವೆ.

*

ಮರುವರ್ಷ, 2024ರಲ್ಲಿ, ಮುಂಗಾರು ಚೆನ್ನಾಗಿ ಬಂತು. ತುಂಗಭದ್ರಾ ಅಣೆಕಟ್ಟೆ ತುಂಬಿತು. ಆಗಸ್ಟ್ 10ರ ರಾತ್ರಿ ಅದರ 19ನೇ ಕ್ರಸ್ಟ್ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋಯಿತು. ತಾತ್ಕಾಲಿಕ ಗೇಟ್ ಕೂರಿಸುವವರೆಗೆ, ಸುಮಾರು ಒಂದು ವಾರ, ಕೆಳಗಿನ ದಂಡೆಯವರು ಪ್ರವಾಹಕ್ಕೆ ಹೆದರಿದರು, ಕಾಲುವೆಯವರು ನೀರೆಲ್ಲ ಹರಿದುಹೋಗುತ್ತದೆಂದು ಹೆದರಿದರು. ತುಂಬಿದ ಅಣೆಕಟ್ಟೆಯೂ ಬೆದರಿಕೆಯಾಗಬಲ್ಲದು ಎಂಬುದನ್ನು ಆ ವಾರ ಕಂಡೆವು.

ಆ ದಿನಗಳಲ್ಲಿ ನಾನು ಊರಿಗೆ ಹೋಗಿದ್ದೆ. ರಾತ್ರಿಯಿಡೀ ಮಳೆ. ಬೆಳಿಗ್ಗೆ ಕಾಕಾ ಕಟ್ಟೆಯ ಮೇಲೆ ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದರು. ಮಳೆ ಬಂತಲ್ಲ ಕಾಕಾ, ಇನ್ನಾದರೂ ನಿದ್ದೆ ಮಾಡಬಾರದೇ ಎಂದೆ.

"ಬಂತು ತಮ್ಮಾ. ಆದ್ರ ತಗಡಿನ ಮ್ಯಾಲ ಸಪ್ಪಳ ಆಗೋದು ನಿಂತ್ರ ಎಚ್ಚರ ಆಗ್ತೈತಿ. ನಿಂತಿತೇನೋ ಅಂತ ಎದ್ದು ಹೋಗಿ ನೋಡ್ತೀನಿ. ಮತ್ತ ಶುರು ಆದ್ರ, ಜಾಸ್ತಿ ಆತೇನೋ ಅಂತ ನೋಡ್ತೀನಿ."

ಅವರ ಹೆಂಡತಿ ಚಹಾ ತಂದಿಟ್ಟು, "ಮಳಿ ಬಂದ್ರೂ ಇವರಿಗೆ ಮಳಿ ಬಂದಿಲ್ಲ" ಎಂದು ಒಳಗೆ ಹೋದಳು.

ನನ್ನ ಹಳೆಯ ಕತೆ ಅಲ್ಲಿಂದ ಶುರುವಾಗಬೇಕಿತ್ತು. ಎತ್ತಿನ ಹಗ್ಗ ಹಿಡಿದು ರೈತ ಮನೆಗೆ ಬಂದ ಮೇಲೆ. ಅವತ್ತು ನಾನು ಕಾಕಾನನ್ನು ಕೇಳಿದೆ, ಈ ಮಳೆ ಯಾವುದು ಎಂದು. ಅವರು ಬೆರಳು ಮಡಿಚಿ ಲೆಕ್ಕ ಹಾಕಿ ಆಶ್ಲೇಷ ಎಂದರು. ಆಮೇಲೆ ತಡೆದು, "ಮುಂದಿಂದು ಮಘಿ" ಎಂದರು, ಮತ್ತೆ ಮುಗಿಲ ಕಡೆ ಮುಖ ತಿರುಗಿಸಿದರು.